ಅಡಿಕೆಯ ತೋಟದ ನೆರಳಿನಲ್ಲಿ ಒಂದೆಲಗದ ಬೇಸಾಯ

ಮಲೆನಾಡಿನ ಮತ್ತು ಕರಾವಳಿಯ ಅಡಿಕೆ ತೋಟಗಳನ್ನು ಮಳೆಗಾಲವು ಕಳೆದ ಮೇಲೆ ಒಮ್ಮೆ ಸುತ್ತಿ ನೋಡಿದರೆ, ಅನೇಕ ಮರಗಳ ಬುಡದಲ್ಲಿ ಮಣ್ಣು ಕೊಚ್ಚಿಹೋಗಿ ಬೇರುಗಳು ಮೇಲಕ್ಕೆ ಕಾಣುತ್ತಿರುವುದು ಗಮನಕ್ಕೆ ಬರುವುದು. ಈ ಕಾರಣದಿಂದಲೇ ಹಿಂದಿನವರು ಕೆಲವು ವರ್ಷಗಳಿಗೊಮ್ಮೆ ತೋಟಕ್ಕೆ ಹೊಸ ಮಣ್ಣನ್ನು ಹೊರಿಸಿ ಹಾಕಿಸುತ್ತಿದ್ದರು. ಈಗ ಆ ಕೆಲಸಕ್ಕೆ ಆಳುಗಳು ದೊರೆಯುವುದು ಕಷ್ಟ. ದೊರೆತರೂ ಕೂಲಿಯ ಖರ್ಚು ಬಲುಭಾರವಾಗುವುದು. ಹೋದ ಮಣ್ಣನ್ನು ಹೊತ್ತು ತರುವುದಕ್ಕಿಂತ ಇರುವ ಮಣ್ಣನ್ನು ಹೋಗಗೊಡದಿರುವುದು ಲೇಸೆಂಬುದನ್ನು ಜಮೀನುದಾರರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಅದಕ್ಕಿರುವ ಉಪಾಯಗಳಲ್ಲಿ ಮರಗಳ ನಡುವಣ ನೆಲವನ್ನು ಹಸುರು ಹೊದಿಕೆಯಿಂದ ಮುಚ್ಚಿಡುವುದು ಒಂದು. ಆ ಹೊದಿಕೆಗೆ ನಮ್ಮ ಊರಿನಲ್ಲಿಯೇ ದೊರೆಯುವ ಒಂದೆಲಗವು ಎಷ್ಟರಮಟ್ಟಿಗೆ ತಕ್ಕದ್ದು, ಅದನ್ನು ಹೇಗೆ ಬೆಳೆಸತಕ್ಕದ್ದು, ಮತ್ತು ಬೆಳೆಸಿದ ಮೇಲೆ ಯಾವ ಒಂದು ವಿಷಯದಲ್ಲಿ ಬಹಳ ಎಚ್ಚರದಿಂದಿರಬೇಕು ಎಂಬುದನ್ನು ಇಲ್ಲಿ ಬರೆದಿದೆ.

ತೋಟದಲ್ಲಿ ದಟ್ಟವಾದ ನೆರಳಿರುವುದರಿಂದ ಮಳೆಯ ಹೊಡೆತವು ನೆಲಕ್ಕೆ ತಗಲುವುದಿಲ್ಲವೆಂದು ಕೆಲವರು ಭಾವಿಸುವುದುಂಟು. ಇದು ಸರಿಯಲ್ಲ. ಮೂವತ್ತು ನಲವತ್ತು ಅಡಿ ಎತ್ತರದಲ್ಲಿರುವ ಸೋಗೆಯ ಮೇಲೆ ಬಿದ್ದ ಸಣ್ಣ ಹನಿಗಳು ತುದಿಯಲ್ಲಿ ಒಂದುಗೂಡಿ, ದಪ್ಪ ಹನಿಗಳಾಗಿ, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬೀಳುವುವು. ಬಯಲಿನ ಮಳೆಹನಿಗಿಂತ ಇಂಥ ಹನಿಯು ದೊಡ್ಡದು. ಬೋಳಾದ ನೆಲದ ಮೇಲೆ ಅದು ಬಿದ್ದಾಗ ಮಣ್ಣಿನ ಹೆಂಟೆಯು ಒಡೆದು, ನಯವಾದ ಮಣ್ಣು ನೀರಿನೊಡನೆ ಬೆರೆತು ಬಸಿಗಾಲುವೆಗೆ ಇಳಿಯುವುದು. ಕಾಲುವೆಯಲ್ಲಿ ಹರಿಯುವ ನೀರು ಕೆಂಪಗಿದ್ದರೆ ಹೋಗುತ್ತಿರುವುದು ತೋಟದ ಸಾರವೆಂದೇ ತಿಳಿಯಬೇಕು. ಕಳೆನಾಶಕ ಔಷಧವನ್ನು ಹೊಡೆದು ನೆಲವನ್ನು ಗುಡಿಸಿದಂತೆ ಇಟ್ಟಿರುವ ತೋಟಗಳಲ್ಲಿ ಈ ನಷ್ಟವು ಅಧಿಕ. ಅಂಥ ತೋಟವು ಕಣ್ಣಿಗೆ ಅಂದವಾಗಿ ಕಾಣುವುದು ನಿಜ.

ಗಿಡದ ಗುರುತು

ಒಂದೆಲಗವನ್ನು ತುಳುನಾಡಿನಲ್ಲಿ ತಿಮರೆಯೆಂದು ಕರೆಯುವರು. ಸಂಸ್ಕೃತದಲ್ಲಿ ಇದು ಮಂಡೂಕಪರ್ಣಿ. ಶಾಸ್ತ್ರಜ್ಞರು ಇಟ್ಟ ಹೆಸರು ಸೆಂಟೆಲ್ಲ ಏಷಿಯಾಟಿಕ. ಹಳೆಯ ಗ್ರಂಥಗಳಲ್ಲಿ ಹೈಡ್ರೊಕಾಟೈಲ್ ಏಷಿಯಾಟಿಕ ಎಂದಿರುವುದೂ ಇದೇ ಗಿಡ. ಇದು ಕೊತ್ತಂಬರಿ ಮತ್ತು ಜೀರಿಗೆಗಳ ವಂಶಕ್ಕೆ ಸೇರಿದ್ದು. ನೆಲವನ್ನಪ್ಪಿ ಹರಿಯುವ ಬಳ್ಳಿಯು ತೆಳ್ಳಗಿದ್ದು ಅನೇಕ ವೇಳೆ ಕೆಂಪು ಛಾಯೆಯಿಂದ ಕೂಡಿರುವುದು. ಗೆಣ್ಣುಗೆಣ್ಣಿಗೂ ಕೆಳಗೆ ಬೇರನ್ನೂ ಮೇಲೆ ಎಲೆಗಳ ಗೊಂಚಲನ್ನೂ ಬಿಡುವುದು. ಒಂದು ತೊಟ್ಟಿಗೆ ಒಂದೇ ಎಲೆ. ಎಲೆಯು ಮೂತ್ರಪಿಂಡದ ಆಕಾರದ್ದು; ಅಂಚಿನಲ್ಲಿ ಸಣ್ಣ ಸಣ್ಣ ಅರ್ಧಚಂದ್ರದಂಥ ಹಲ್ಲುಗಳಿರುವುವು; ತೊಟ್ಟು ಸೇರುವಲ್ಲಿ ಆಳವಾದ ಸೀಳಿರುವುದು. ಹೂವು ಬಹು ಚಿಕ್ಕದಾಗಿ ಎಲೆಗಳ ಕೆಳಗೆ ಅಡಗಿರುವುದರಿಂದ ಹುಡುಕಿದವರಿಗೆ ಮಾತ್ರ ಕಾಣುವುದು.

ಇದಕ್ಕೂ ನೀರುಬ್ರಾಹ್ಮಿಗೂ ವ್ಯತ್ಯಾಸವನ್ನು ತಿಳಿದಿರುವುದು ಅವಶ್ಯಕ. ನಮ್ಮಲ್ಲಿ ಎರಡನ್ನೂ ಬ್ರಾಹ್ಮಿಯೆಂದೇ ಕರೆಯುವ ರೂಢಿಯಿರುವುದರಿಂದ ಕೊಳ್ಳುವವನೂ ಮಾರುವವನೂ ಮೋಸಹೋಗುವುದುಂಟು. ನೀರುಬ್ರಾಹ್ಮಿಯ ಎಲೆಯು ಸಣ್ಣದು, ದಪ್ಪನೆಯದು. ಉದ್ದ ತೊಟ್ಟಿಲ್ಲದೆ ಕಾಂಡದ ಎರಡು ಕಡೆಗೂ ಎದುರೆದುರಾಗಿ ಜೋಡಿಸಿದಂತೆ ಇರುವುದು. ಹೂವು ಬಿಳಿಯದು ಅಥವಾ ತಿಳಿನೀಲಿಯದು. ಕುಂಡಗಳಲ್ಲಿ ಅಲಂಕಾರಕ್ಕಾಗಿ ಬೆಳೆಸುವ, ನಾಣ್ಯದಂತೆ ದುಂಡಗಿರುವ ಎಲೆಯ ಇನ್ನೊಂದು ಗಿಡವುಂಟು. ಅದರ ತೊಟ್ಟು ಕೊಡೆಯ ಕೋಲಿನಂತೆ ಎಲೆಯ ನಡುವಿಗೆ ಸೇರಿರುವುದು. ಸೀಳಿಲ್ಲದಿದ್ದರೆ ಒಂದೆಲಗವಲ್ಲವೆಂದು ತಿಳಿಯತಕ್ಕದ್ದು.

ನೆಲ ಮತ್ತು ನೆರಳು

ತೇವವಿರುವ, ಕಸಗೊಬ್ಬರದ ಅಂಶವುಳ್ಳ ಮರಳುಮಿಶ್ರವಾದ ಮಣ್ಣು ಇದಕ್ಕೆ ಪ್ರಿಯವಾದುದು. ಮಲೆನಾಡಿನ ಸ್ವಲ್ಪ ಹುಳಿಯಾದ ಮಣ್ಣಿನಲ್ಲಿಯೂ ಚೆನ್ನಾಗಿ ಬರುವುದು. ಗದ್ದೆಯ ಬದುಗಳಲ್ಲಿಯೂ ಕೆರೆಯಂಚಿನಲ್ಲಿಯೂ ತಾನೇ ಬೆಳೆಯುವುದರಿಂದ ಇದು ನೀರಿನಲ್ಲಿ ನಿಲ್ಲುವ ಗಿಡವೆಂದು ಎಣಿಸಬಾರದು. ತೇವವು ಬೇಕು, ನಿಂತ ನೀರು ಬೇಡ. ಬಸಿಗಾಲುವೆಗಳು ಹೂತುಹೋಗಿ ತಿಂಗಳುಗಟ್ಟಲೆ ನೀರು ಕಟ್ಟಿಕೊಳ್ಳುವ ತೋಟದಲ್ಲಿ ಮೊದಲು ಕಾಲುವೆಯನ್ನು ಎತ್ತಿಸತಕ್ಕದ್ದು. ಅದನ್ನು ಮಾಡದಿದ್ದರೆ ಒಂದೆಲಗಕ್ಕಿಂತ ಮುಂಚೆ ಅಡಿಕೆಯೇ ಕೆಡುವುದು.

ಬಿಸಿಲು ನೇರವಾಗಿ ಬೀಳುವಲ್ಲಿ ಎಲೆಯು ಕಿರಿದಾಗಿ, ಗಡುಸಾಗಿ, ಕೆಂಪೇರಿ ನೆಲಕ್ಕೆ ಅಂಟಿಕೊಂಡಿರುವುದು. ಹದವಾದ ನೆರಳಿನಲ್ಲಿ ತೊಟ್ಟು ಗೇಣುದ್ದ ಬೆಳೆದು, ಎಲೆಯು ಅಗಲವಾಗಿ ಒಂದರ ಮೇಲೊಂದು ಹರಡಿ ನೆಲವನ್ನು ಮರೆಮಾಡುವುದು. ನಮಗೆ ಬೇಕಾದುದು ಈ ಎರಡನೆಯ ಬೆಳವಣಿಗೆ. ಒಂಬತ್ತು ಅಡಿಗೊಂದರಂತೆ ಮರಗಳನ್ನಿಟ್ಟು ಬಿಸಿಲು ಚುಕ್ಕೆಚುಕ್ಕೆಯಾಗಿ ಇಳಿಯುವ ತೋಟವು ಇದಕ್ಕೆ ಯೋಗ್ಯ. ಅಡಿಕೆಯ ನಡುವೆ ಬಾಳೆ, ಏಲಕ್ಕಿ, ಕಾಳುಮೆಣಸುಗಳನ್ನು ಒತ್ತಾಗಿ ಬೆಳೆಸಿ ಮಧ್ಯಾಹ್ನದಲ್ಲಿಯೂ ಮಬ್ಬು ಕವಿದಿರುವ ತೋಟದಲ್ಲಿ ಬಳ್ಳಿಯು ಸೊರಗಿ ಬಿಡಿಬಿಡಿಯಾಗುವುದು. ಅಲ್ಲಿ ಶ್ರಮಪಡುವುದರಿಂದ ಲಾಭವಿಲ್ಲ. ಕಡಿದಾದ ಇಳಿಜಾರಿನಲ್ಲಿ ನೀರು ರಭಸದಿಂದ ಹರಿಯುವ ಜಾಗಕ್ಕೂ ಇದು ಸಾಲದು. ಇದರ ಬೇರು ಮೇಲುಮಣ್ಣಿನಲ್ಲಿಯೇ ಇರುವುದು. ಹನಿಯ ಹೊಡೆತವನ್ನು ತಡೆಯಬಲ್ಲದೇ ಹೊರತು ಹಳ್ಳವನ್ನು ತಡೆಯಲಾರದು.

ಇಷ್ಟಲ್ಲದೆ ಇನ್ನೊಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಹೊದಿಕೆಗಾಗಿ ಬೆಳೆಸುವ ದ್ವಿದಳ ಜಾತಿಯ ಬಳ್ಳಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುವುವು. ಒಂದೆಲಗಕ್ಕೆ ಆ ಗುಣವಿಲ್ಲ. ಎಳೆಯ ತೋಟಕ್ಕೆ, ಬಿಸಿಲು ಧಾರಾಳವಾಗಿರುವಾಗ, ದ್ವಿದಳದ ಹೊದಿಕೆಯೇ ಮೇಲು. ಮರಗಳು ಬೆಳೆದು ನೆರಳಾದ ಮೇಲೆ ಅವು ಕ್ಷೀಣಿಸುವಲ್ಲಿ ಒಂದೆಲಗವು ಉಳಿಯುವುದು. ಅದೂ ಅಲ್ಲದೆ ಕೆಲವು ದ್ವಿದಳದ ಬಳ್ಳಿಗಳು ಮರವನ್ನು ಸುತ್ತಿ ಹತ್ತುವಂತೆ ಇದು ಹತ್ತುವುದಿಲ್ಲ.

ನೆಡುವ ಕಾಲ ಮತ್ತು ಕ್ರಮ

ಬೀಜದಿಂದ ಬೆಳೆಸುವುದು ತಡವಾದ ಕೆಲಸ. ಬೇರೂರಿದ ಗೆಣ್ಣುಗಳನ್ನು ನೆಡುವುದೇ ಸುಲಭ. ಬಳ್ಳಿಯನ್ನು ಕಿತ್ತೆಳೆಯದೆ, ಸಣ್ಣ ಕುರ್ಪಿಯಿಂದ ಎರಡು ಮೂರು ಗೆಣ್ಣುಗಳಿರುವ ತುಂಡನ್ನು ಬೇರಿಗಂಟಿದ ಮಣ್ಣಿನೊಡನೆ ಎಬ್ಬಿಸಿ, ಒದ್ದೆಯಾದ ಗೋಣಿಯಲ್ಲಿ ಸುತ್ತಿಟ್ಟುಕೊಂಡು ಅದೇ ದಿನ ನೆಡತಕ್ಕದ್ದು. ಅಡಿಗೊಂದರಂತೆ ನೆಟ್ಟರೆ ಒಂದು ಗುಂಟೆಗೆ ಸುಮಾರು 1000 ತುಂಡುಗಳು ಬೇಕಾಗುವುವು. ಇಡೀ ತೋಟಕ್ಕೆ ಒಂದೇ ವರ್ಷ ನೆಡುವ ಆತುರವು ಬೇಡ. ಮೊದಲನೆಯ ವರ್ಷ ಒಂದು ಗುಂಟೆಯಲ್ಲಿ ಬೆಳೆಸಿಕೊಂಡರೆ, ಮರುವರ್ಷಕ್ಕೆ ಬೇಕಾದ ತುಂಡುಗಳು ಅಲ್ಲಿಯೇ ದೊರೆಯುವುವು.

ಮುಂಗಾರಿನ ಮೊದಲನೆಯ ಮಳೆಗೆ ನೆಡುವವರುಂಟು. ಮಳೆ ಕಡಿಮೆಯಿರುವ ಸೀಮೆಗೆ ಅದು ಸರಿ. ಆಷಾಢದ ಜಡಿಮಳೆ ಹಿಡಿಯುವ ಘಟ್ಟದ ಸೀಮೆಯಲ್ಲಿ, ಬೇರು ಹಿಡಿಯುವುದರೊಳಗಾಗಿ ತುಂಡುಗಳು ತೇಲಿಹೋಗುವುವು. ಅಲ್ಲಿ ಭಾದ್ರಪದದ ವೇಳೆಗೆ, ಎಂದರೆ ಸೆಪ್ಟೆಂಬರ್ ತಿಂಗಳಿನಲ್ಲಿ, ಮಳೆಯ ಬಿರುಸು ತಗ್ಗಿದ ಮೇಲೆ ನೆಡುವುದು ಉತ್ತಮವೆಂದು ನಮ್ಮ ಅಭಿಪ್ರಾಯ. ಆಗ ನೆಲದಲ್ಲಿ ತೇವವಿರುವುದು. ಎರಡು ಮೂರು ತಿಂಗಳುಗಳಲ್ಲಿ ಬಳ್ಳಿಗಳು ಒಂದನ್ನೊಂದು ಕೂಡಿಕೊಳ್ಳುವುವು. ಮುಂದಿನ ಮಳೆಗಾಲಕ್ಕೆ ನೆಲವು ಸಿದ್ಧವಾಗಿ ಮುಚ್ಚಿರುವುದು.

ಮರದ ಬುಡದಿಂದ ಎರಡೂವರೆ ಅಡಿಯಷ್ಟು ಜಾಗವನ್ನು ಸುತ್ತಲೂ ಬಿಟ್ಟು ಉಳಿದ ಜಾಗದಲ್ಲಿ ಮಾತ್ರ ನೆಡಬೇಕು. ಬಿಟ್ಟ ಜಾಗವು ಅಡಿಕೆಗೆ ಗೊಬ್ಬರ ಮತ್ತು ಸೊಪ್ಪನ್ನು ಕೊಡುವುದಕ್ಕೆ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈ ಲೇಖಕನು ಮೊದಲ ಸಲ ಒಂದೆಲಗವನ್ನು ನೆಡಿಸಿದಾಗ ಬುಡಕ್ಕೆ ಜಾಗ ಬಿಡದೆ ಎಲ್ಲೆಡೆಯೂ ನೆಡಿಸಿದನು. ಬಳ್ಳಿಯು ಸೊಗಸಾಗಿ ಹಬ್ಬಿತು. ವಾಡಿಕೆಯಂತೆ ಬೆಟ್ಟದ ಸೊಪ್ಪನ್ನು ತಂದ ಆಳುಗಳು ಅದನ್ನು ತೋಟದಲ್ಲೆಲ್ಲ ಗೇಣು ದಪ್ಪಕ್ಕೆ ಹರಡಿದರು. ತಿಂಗಳು ಕಳೆದು ಸೊಪ್ಪನ್ನು ಸರಿಸಿ ನೋಡಿದರೆ ಕೆಳಗೆ ಕೊಳೆತ ತೊಟ್ಟುಗಳಲ್ಲದೆ ಬೇರೇನೂ ಇರಲಿಲ್ಲ. ಆಳುಗಳ ತಪ್ಪು ಇದರಲ್ಲಿಲ್ಲ. ಅವರು ವರ್ಷವರ್ಷವೂ ಮಾಡುವುದನ್ನೇ ಮಾಡಿದರು. ಸೊಪ್ಪು ಹಾಕುವ ಜಾಗ, ಒಂದೆಲಗದ ಜಾಗ ಇವೆರಡನ್ನು ನೆಡುವಾಗಲೇ ಗೊತ್ತುಮಾಡಿ, ಕೆಲಸದವರಿಗೆ ತೋರಿಸಿಕೊಡತಕ್ಕದ್ದು. ಓಡಾಡುವುದಕ್ಕೆ ಎರಡಡಿಯ ಹಾದಿಯನ್ನೂ ಹಾಗೆಯೇ ಬಿಡಬೇಕು. ದಿನವೂ ತುಳಿದಲ್ಲಿ ಇದು ಬಾಳುವುದಿಲ್ಲ.

ಆರೈಕೆ

ಮೊದಲನೆಯ ಎರಡು ತಿಂಗಳು ಕಳೆಯನ್ನು ಕೈಯಿಂದಲೇ ಕೀಳಬೇಕು. ಇದೊಂದೇ ಖರ್ಚಿನ ಕೆಲಸ. ನೆಲವು ಮುಚ್ಚಿದ ಮೇಲೆ ಅಲ್ಲಲ್ಲಿ ತಲೆಯೆತ್ತುವ ಹುಲ್ಲನ್ನು ಕಿತ್ತರೆ ಸಾಕು. ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರವನ್ನು ಪುಡಿಮಾಡಿ ವರ್ಷಕ್ಕೊಮ್ಮೆ ತೆಳ್ಳಗೆ ಎರಚಬಹುದು, ಹಸಿಗೊಬ್ಬರವು ಕೂಡದು. ಬೇಸಗೆಯಲ್ಲಿ ಅಡಿಕೆಗೆ ನೀರು ಹಾಯಿಸುವಾಗ ಇದಕ್ಕೂ ತಲಪುವಂತಿದ್ದರೆ ಹಸುರಾಗಿರುವುದು. ಹನಿನೀರಾವರಿಯಿಂದ ಬುಡಕ್ಕೆ ಮಾತ್ರ ನೀರು ಬೀಳುವ ತೋಟದಲ್ಲಿ ಫಾಲ್ಗುಣ ಚೈತ್ರಗಳಲ್ಲಿ ಎಲೆಗಳು ಒಣಗುವುದುಂಟು. ಬಳ್ಳಿಯು ಪೂರಾ ಸಾಯದಿದ್ದರೆ ಮೊದಲ ಮಳೆಗೆ ಮತ್ತೆ ಚಿಗುರುವುದು. ಅಡಿಕೆಯ ನೀರಿನಲ್ಲಿ ಇದೂ ಒಂದು ಪಾಲನ್ನು ಕುಡಿಯುವುದೆಂಬುದನ್ನು ಮರೆಯಬಾರದು. ಬಾವಿಯು ಬೇಸಗೆಯಲ್ಲಿ ತಳಕಾಣುವ ತೋಟದವರು ಇದಕ್ಕಾಗಿ ಬೇರೆ ನೀರನ್ನು ಹಾಯಿಸುವುದು ಉಚಿತವಲ್ಲ.

ಮಳೆಗಾಲದಲ್ಲಿ ಬಸವನಹುಳುಗಳು ಎಲೆಯನ್ನು ತೂತುಮಾಡುವುವು. ಸಂಜೆ ಒದ್ದೆಯಾದ ಗೋಣಿಯ ಕೆಳಗೆ ಪರಂಗಿಯ ಎಲೆಗಳನ್ನಿಟ್ಟರೆ ರಾತ್ರಿಯಲ್ಲಿ ಅಲ್ಲಿ ಸೇರುವುವು. ಬೆಳಗ್ಗೆ ಅವನ್ನು ಇಕ್ಕಳದಿಂದಾಗಲಿ ಕೋಲಿನಿಂದಾಗಲಿ ತೆಗೆದು ಉಪ್ಪುನೀರಿಗೆ ಹಾಕಬೇಕು. ಎರೆಹುಳುವನ್ನು ಹುಡುಕಿ ನೆಲವನ್ನು ಅಗೆಯುವ ಕಾಡುಹಂದಿಯ ಕಾಟಕ್ಕೆ ಬೇಲಿಯಲ್ಲದೆ ಬೇರೆ ಉಪಾಯವಿಲ್ಲ.

ಚಾಲಿ ಅಡಿಕೆಯ ಸೀಮೆಯವರು ಕೇಳುವ ಒಂದು ಪ್ರಶ್ನೆಯುಂಟು: ಉದುರಿದ ಹಣ್ಣಡಿಕೆಯು ಹೊದಿಕೆಯಲ್ಲಿ ಅಡಗಿ ನಷ್ಟವಾಗುವುದಿಲ್ಲವೇ? ಸ್ವಲ್ಪಮಟ್ಟಿಗೆ ಆಗುವುದು. ಆದರೆ ಮೊಣಕಾಲೆತ್ತರದ ಕಳೆಯಲ್ಲಿ ಬಿದ್ದ ಹಣ್ಣಿಗಿಂತ ಗೇಣೆತ್ತರದ ಒಂದೆಲಗದ ಮೇಲೆ ಬಿದ್ದ ಕೆಂಬಣ್ಣದ ಹಣ್ಣು ಬೇಗ ಕಣ್ಣಿಗೆ ಬೀಳುವುದು. ಹಣ್ಣು ಉದುರುವ ಕಾಲಕ್ಕೆ ಮುಂಚೆ ಒಮ್ಮೆ ಎಲೆಯನ್ನು ಕೊಯ್ದರೆ ತೊಂದರೆಯು ಇನ್ನೂ ಕಡಿಮೆ. ಮಳೆಗಾಲದಲ್ಲಿ ಕೊಳೆರೋಗದಿಂದ ಉದುರಿದ ಕಾಯಿಗಳನ್ನಂತೂ ಹೊದಿಕೆಯಲ್ಲಿ ಬಿಡಲೇಬಾರದು. ಆರಿಸಿ ತೆಗೆದು ನಾಶಮಾಡತಕ್ಕದ್ದು.

ಮೈಲುತುತ್ತದ ವಿಷಯ

ಲೇಖನದ ಮೊದಲಿನಲ್ಲಿ ಹೇಳಿದ ಎಚ್ಚರಿಕೆಯ ಮಾತು ಇದೇ.

ಕೊಳೆರೋಗವು ಅಡಿಕೆಯವರ ಹಳೆಯ ಶತ್ರು. ಹಿಂದೆ ಕೊನೆಗಳಿಗೆ ಕೊಟ್ಟೆಯನ್ನು ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. 1910ನೆಯ ಇಸವಿಯಲ್ಲಿ ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಶಾಸ್ತ್ರಜ್ಞರಾಗಿದ್ದ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣಗಳಿಂದ ತಯಾರಾಗುವ ಬೋರ್ಡೋ ದ್ರಾವಣವನ್ನು ಕೊನೆಗಳಿಗೆ ಸಿಂಪಡಿಸುವ ಪದ್ಧತಿಯು ಕಾಲಕ್ರಮದಲ್ಲಿ ಎಲ್ಲೆಡೆಯೂ ನೆಲೆಗೊಂಡಿತು. ಇಂದಿಗೂ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಪ್ರಮಾಣದಲ್ಲಿ ಮುಂಗಾರಿನ ಆರಂಭದಲ್ಲಿ ಒಮ್ಮೆ, 40ರಿಂದ 45 ದಿನಗಳ ತರುವಾಯ ಮತ್ತೊಮ್ಮೆ, ಮಳೆ ಮುಂದುವರಿದರೆ ಮೂರನೆಯ ಸಲವೂ ಸಿಂಪಡಿಸುವರು. ಬೆಳೆಯನ್ನು ಉಳಿಸುವುದಕ್ಕೆ ಇದು ಬೇಕಾದುದೇ. ಇದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ.

ಆದರೆ ಮೇಲೆ ಹೊಡೆದ ದ್ರಾವಣದಲ್ಲಿ ಒಂದು ಪಾಲು ಕೆಳಗೆ ಬೀಳುವುದು. ಸಿಂಪಡಿಸಿದ ಮರುದಿನ ಒಂದೆಲಗದ ಎಲೆಯನ್ನು ಕಿತ್ತು ನೋಡಿದರೆ ನೀಲಿಬಿಳುಪಿನ ಚುಕ್ಕೆಗಳು ಕಾಣುವುವು. ಮೈಲುತುತ್ತದ ತೂಕದಲ್ಲಿ ಕಾಲುಭಾಗದಷ್ಟು ತಾಮ್ರವಿರುವುದು. ಎಂದರೆ 100 ಲೀಟರಿನಲ್ಲಿ ಸುಮಾರು 250 ಗ್ರಾಂ. ಈ ತಾಮ್ರವು ಕೊಳೆತು ಮಾಯವಾಗುವ ವಸ್ತುವಲ್ಲ. ವರ್ಷವರ್ಷವೂ ಮೇಲುಮಣ್ಣಿನಲ್ಲಿಯೇ ಸೇರುತ್ತ ಹೋಗುವುದು. ಒಂದೆಲಗದ ಬೇರು ಇರುವುದೂ ಆ ಮೇಲುಮಣ್ಣಿನಲ್ಲಿಯೇ. ಈ ಗಿಡವು ತಾನು ಬೆಳೆದ ಮಣ್ಣಿನಲ್ಲಿರುವ ತಾಮ್ರ, ಸೀಸ, ಸತುವು ಮುಂತಾದ ಲೋಹಗಳನ್ನು ಹೀರಿ ತನ್ನಲ್ಲಿ ಇಟ್ಟುಕೊಳ್ಳುವುದೆಂದು ಮಲೇಷ್ಯಾ ದೇಶದಲ್ಲಿ ನಡೆದ ಪರೀಕ್ಷೆಗಳಿಂದ ತಿಳಿದುಬಂದಿದೆ. ಎಲೆಯನ್ನು ತೊಳೆದರೆ ಮೇಲಿನ ಚುಕ್ಕೆ ಹೋದೀತು. ಒಳಗೆ ಸೇರಿದುದು ತೊಳೆಯುವುದರಿಂದ ಹೋಗುವುದಿಲ್ಲ.

ಇತ್ತ ನಮ್ಮ ಮನೆಗಳಲ್ಲಿ ಒಂದೆಲಗವನ್ನು ಉಪಯೋಗಿಸುವ ಬಗೆಯನ್ನು ನೋಡಿರಿ. ತೆಂಗಿನಕಾಯಿ, ಜೀರಿಗೆ, ಮೆಣಸಿನೊಡನೆ ಹಸಿಯಾಗಿಯೇ ಅರೆದು, ಮಜ್ಜಿಗೆಯನ್ನು ಬೆರೆಸಿ ತಂಬುಳಿ ಮಾಡುವರು, ಚಟ್ನಿಯನ್ನೂ ಮಾಡುವರು. ಮಕ್ಕಳಿಗೆ ಜ್ಞಾಪಕಶಕ್ತಿಗಾಗಿ ಬೆಳಗ್ಗೆ ಎಲೆಯನ್ನು ಹಾಗೆಯೇ ಅಗಿಯಲು ಕೊಡುವವರೂ ಉಂಟು. ಬೆಂಕಿಯನ್ನೇ ಕಾಣದ ಈ ಆಹಾರದಲ್ಲಿ ಎಲೆಯ ಶುದ್ಧಿಯೊಂದೇ ಕಾವಲು. ಆದಕಾರಣ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ತೋಟದ ಒಂದೆಲಗವನ್ನು ನೆಲದ ಹೊದಿಕೆಯೆಂದು ಮಾತ್ರ ಎಣಿಸಿ, ಅಡಿಗೆಗೆ ಬೇರೆ ಮಡಿಯನ್ನು ಮಾಡಿಕೊಳ್ಳಬೇಕೆಂದು ನಾವು ಖಂಡಿತವಾಗಿ ಹೇಳುವೆವು. ಮಳೆಗಾಲ ಮುಗಿದ ಮೇಲೆ ಹಳೆಯ ಎಲೆಯನ್ನು ಕೊಯ್ದೆಸೆದು ಹೊಸ ಚಿಗುರನ್ನು ಉಪಯೋಗಿಸಬಹುದಲ್ಲವೇ ಎಂದು ಕೆಲವರು ಕೇಳಬಹುದು. ಹೊಸ ತೋಟಕ್ಕೆ ಅದು ಸರಿಯಾದೀತು. ಹತ್ತಾರು ವರ್ಷಗಳಿಂದ ಸಿಂಪಡಿಸುತ್ತಿರುವ ತೋಟದ ವಿಷಯದಲ್ಲಿ, ಮಣ್ಣನ್ನೂ ಎಲೆಯನ್ನೂ ಪರೀಕ್ಷೆ ಮಾಡಿಸದೆ ಒಪ್ಪುವುದಕ್ಕಾಗದು.

ಅಡಿಗೆಯ ಮಡಿಗೆ ದೊಡ್ಡ ಜಾಗವು ಬೇಡ. ಹಿತ್ತಿಲಿನಲ್ಲಿ ಹಲಸಿನ ಅಥವಾ ತೆಂಗಿನ ಮರದ ನೆರಳಿನಲ್ಲಿ, ಸಿಂಪರಣೆಯ ಗಾಳಿಯು ತಗಲದ ಕಡೆ, ಹತ್ತು ಅಡಿ ಉದ್ದ ನಾಲ್ಕು ಅಡಿ ಅಗಲದ ಒಂದು ಮಡಿಯಿದ್ದರೆ ಒಂದು ಸಂಸಾರಕ್ಕೆ ಯಥೇಷ್ಟವಾಗುವುದು. ನೆಲಕ್ಕಿಂತ ಅರ್ಧ ಅಡಿ ಎತ್ತರಮಾಡಿ, ಬಾವಿಯ ಶುದ್ಧವಾದ ನೀರನ್ನು ಕೊಡಬೇಕು. ಬಚ್ಚಲ ನೀರಿನಲ್ಲಿ ಇದು ಸೊಂಪಾಗಿ ಬೆಳೆಯುವುದು ನಿಜ. ಆ ಸೊಂಪನ್ನು ನೋಡಿ ಮರುಳಾಗಬಾರದು. ಕೋಳಿಗಳು ಒಳಗೆ ಬಾರದಂತೆ ಸುತ್ತಲೂ ತಡಿಕೆಯನ್ನು ಕಟ್ಟುವುದು ಒಳ್ಳೆಯದು. ಔಷಧಿಯೆಂಬ ನಂಬಿಕೆಯಿಂದ ಮಿತಿಮೀರಿ ತಿನ್ನುವುದೂ ಸಲ್ಲದು. ಗರ್ಭಿಣಿಯರೂ ಯಕೃತ್ತಿನ ಬೇನೆಯುಳ್ಳವರೂ ವೈದ್ಯರನ್ನು ಕೇಳಿಯೇ ಉಪಯೋಗಿಸತಕ್ಕದ್ದು.

ಗ್ರಾಮದ ಮುಖಂಡರಿಗೆ ಇಲ್ಲಿ ಒಂದು ಕೆಲಸವಿದೆ. ಜಮೀನಿಲ್ಲದವರೂ ಪೇಟೆಗೆ ಸೊಪ್ಪು ಮಾರುವ ಹೆಂಗಸರೂ ಒಂದೆಲಗವನ್ನು ಗದ್ದೆಯ ಬದುಗಳಿಂದಲೂ ರಸ್ತೆಯ ಚರಂಡಿಗಳಿಂದಲೂ ಕಿತ್ತು ತರುವರು. ಬದುಗಳ ಮೇಲೆ ಕಳೆನಾಶಕವನ್ನು ಹೊಡೆದಿರುವುದು ಅವರಿಗೆ ತಿಳಿದಿರುವುದಿಲ್ಲ. ಹೊಡೆದವರು ಹೇಳುವ ವಾಡಿಕೆಯೂ ಇಲ್ಲ. ಔಷಧವನ್ನು ಹೊಡೆದ ಬದುವಿಗೆ ಒಂದು ಕೋಲನ್ನು ನೆಟ್ಟು ಬಟ್ಟೆಯ ಚೂರನ್ನು ಕಟ್ಟಬೇಕೆಂದು ಊರಿನಲ್ಲಿ ಕಟ್ಟುಮಾಡಿದರೆ ಖರ್ಚೇನೂ ಇಲ್ಲ. ಶಾಲೆಯ ಕೈತೋಟದಲ್ಲಾಗಲಿ, ಊರ ಬಾವಿಯ ಪಕ್ಕದ ನೆರಳಿನಲ್ಲಾಗಲಿ ಎರಡು ಗುಂಟೆ ಶುದ್ಧವಾದ ನೆಲವನ್ನು ಇದಕ್ಕೆ ಬಿಟ್ಟುಕೊಟ್ಟರೆ, ಚರಂಡಿಗೆ ಹೋಗುವವರು ಅಲ್ಲಿಗೇ ಬರುವರು.

ಕೊಯ್ಲು ಮತ್ತು ಮಾರಾಟ

ಶುದ್ಧವಾದ ಮಡಿಯಲ್ಲಿ ನೆಟ್ಟ ಮೂರು ತಿಂಗಳಿಗೆ ಮೊದಲನೆಯ ಕೊಯ್ಲನ್ನೂ, ತರುವಾಯ ಸುಮಾರು ಎರಡು ತಿಂಗಳಿಗೊಂದರಂತೆ ಕೊಯ್ಲುಗಳನ್ನೂ ಮಾಡಬಹುದು. ಎಲೆಯನ್ನು ತೊಟ್ಟಿನೊಡನೆ ಕುಡುಗೋಲಿನಿಂದ ಕೊಯ್ಯಬೇಕು, ಬಳ್ಳಿಯನ್ನು ಕೀಳಬಾರದು. ಒಂದು ಪಟ್ಟಿಯನ್ನು ಕೊಯ್ದು ಪಕ್ಕದ ಪಟ್ಟಿಯನ್ನು ಬಿಟ್ಟರೆ ನೆಲವು ಯಾವಾಗಲೂ ಅರ್ಧವಾದರೂ ಮುಚ್ಚಿರುವುದು. ಮೂರು ನಾಲ್ಕು ವರ್ಷಗಳಲ್ಲಿ ಬಳ್ಳಿಯು ಒತ್ತಾಗಿ ಎಲೆಯು ಕಿರಿದಾಗುತ್ತ ಬಂದರೆ ಅಲ್ಲಲ್ಲಿ ಎಬ್ಬಿಸಿ ಗೊಬ್ಬರ ಹಾಕಿ ಹೊಸದಾಗಿ ನೆಡತಕ್ಕದ್ದು.

ಒಣಗಿಸಿ ಮಾರುವವರು ಎಲೆಯನ್ನು ಎರಡು ಸಲ ತೊಳೆದು, ನೆರಳಿನಲ್ಲಿ ಗಾಳಿಯಾಡುವ ಅಟ್ಟದ ಮೇಲೆ ತೆಳ್ಳಗೆ ಹರಡಿ ಒಣಗಿಸಬೇಕು. ಬಿಸಿಲಿನಲ್ಲಿ ಬಣ್ಣವು ಕೆಡುವುದು. ರಾಶಿಮಾಡಿದರೆ ಬೂಷ್ಟು ಹಿಡಿಯುವುದು. ಏಳೆಂಟು ಕಿಲೋ ಹಸಿಯೆಲೆಗೆ ಒಣಗಿದುದು ಒಂದು ಕಿಲೋ ದೊರೆಯುವುದು. ಎಲೆಯಲ್ಲಿ ಇಷ್ಟು ನೀರಿರುವುದರಿಂದಲೇ ಮಳೆಗಾಲದ ಕೊಯ್ಲನ್ನು ಒಣಗಿಸುವುದು ಕಷ್ಟವೆಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಕರೆಗಟ್ಟಲೆ ನೆಟ್ಟು ಆಮೇಲೆ ಕೊಳ್ಳುವವರನ್ನು ಹುಡುಕುವುದು ಸರಿಯಾದ ಕ್ರಮವಲ್ಲ. ಹಸಿಸೊಪ್ಪಿಗೆ ಹತ್ತಿರದ ಪೇಟೆಯಲ್ಲಿ ವಾರಕ್ಕೆ ಎಷ್ಟು ಗಿರಾಕಿಯಿದೆಯೋ ಅದನ್ನು ವಿಚಾರಿಸಿ ಅಷ್ಟಕ್ಕೆ ತಕ್ಕಂತೆ ನೆಡಬೇಕು. ಒಣಗಿದ ಸರಕಿಗಾದರೋ ವ್ಯಾಪಾರಿಯೊಡನೆ ಬರೆಹದ ಮೂಲಕ ಒಪ್ಪಂದವನ್ನು ಮಾಡಿಕೊಳ್ಳಬೇಕು. ಆ ಬರೆಹದಲ್ಲಿ ಬ್ರಾಹ್ಮಿಯೆಂದು ಮಾತ್ರ ಬರೆದಿದ್ದರೆ ಸಾಲದು. ಸೆಂಟೆಲ್ಲ ಏಷಿಯಾಟಿಕ ಎಂಬ ಹೆಸರನ್ನು ಸೇರಿಸಿ, ಒಣಗಿದ ಎಲೆಯ ಮಾದರಿಯನ್ನು ಎರಡು ಪೊಟ್ಟಣಗಳಲ್ಲಿ ಕಟ್ಟಿ, ಇಬ್ಬರ ರುಜುವನ್ನೂ ಹಾಕಿಸಿ, ಒಂದನ್ನು ಬೆಳೆದವರು ತಮ್ಮಲ್ಲಿಯೇ ಇಟ್ಟುಕೊಳ್ಳತಕ್ಕದ್ದು.